ಭಾನುವಾರದ ಸಂತೆಯಲ್ಲಿ ಒಂದು ಗಿಟಾರ್

ಬೆಳಗಿನ ಜಾವ ಐದೂವರೆಗೆ ನಮ್ಮ ಮನೆಯಲ್ಲಿ ಎದ್ದಿರುವವನು ನಾನೊಬ್ಬನೇ. ಆದರೆ ಆ ಭಾನುವಾರ ನಾನು ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಒಂಬತ್ತನೇ ತರಗತಿಯ ಮೊಮ್ಮಗಳು ಧಾತ್ರಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೆಗಲಿನ ಚೀಲದಲ್ಲಿ ಅಳತೆಯ ಟೇಪು, ಸಣ್ಣ ಸ್ಕ್ರೂಡ್ರೈವರ್, ಒಂದು ವಿಸಿಟಿಂಗ್ ಕಾರ್ಡ್, ಅಂಗೈಯಗಲದ ಒಂದು ಆಂಪ್ಲಿಫೈಯರ್. ಜ್ಯಾಮಿತಿ ಪೆಟ್ಟಿಗೆಯೊಳಗೆ ರೂ. 3,600. ಎರಡು ಯುಗಾದಿ, ಎರಡು ದೀಪಾವಳಿ, ಒಂದು ಹುಟ್ಟುಹಬ್ಬದ ಉಳಿತಾಯ ಅದು.

ಅವಳಿಗೆ ಎಲೆಕ್ಟ್ರಿಕ್ ಗಿಟಾರ್ ಬೇಕಿತ್ತು. ಹೊಸದನ್ನು ಅಂಗಡಿಯಲ್ಲಿ ವಿಚಾರಿಸಿದ್ದೆವು. ಅವಳ ಉಳಿತಾಯದ ಮೂರು ಪಟ್ಟು ಹೇಳಿದರು. ಅವರಮ್ಮ, "ವೀಣೆ ಕ್ಲಾಸಿಗೆ ಮೂರು ತಿಂಗಳು ಹೋಗಿ ಬಿಟ್ಟಳು, ಇದೂ ಅಷ್ಟೇ" ಅಂದಳು. ಅವರಪ್ಪ ಏನೂ ಹೇಳಲಿಲ್ಲ. ಅವನು ಸುಮ್ಮನಿದ್ದದ್ದೇ ನನ್ನನ್ನು ಚುಚ್ಚಿತು. ಪಿಯುಸಿ ಓದುವಾಗ ಅವನೂ ನನ್ನ ಹತ್ತಿರ ಗಿಟಾರ್ ಕೇಳಿದ್ದ. "ಮೊದಲು ಮಾರ್ಕ್ಸ್ ತೆಗಿ, ಆಮೇಲೆ ನೋಡೋಣ" ಎಂದಿದ್ದೆ. ಮಾರ್ಕ್ಸ್ ಬಂತು. ಆ 'ಆಮೇಲೆ' ಬರಲಿಲ್ಲ.

ಹಾಗಾಗಿ, "ಹಳೇದು ಹುಡುಕೋಣ ಬಾ ಪುಟ್ಟಿ" ಎಂದೆ.

"ತಾತ, ನೀವು ಬ್ಯಾಂಕಲ್ಲಿದ್ದೋರು. ಗಿಟಾರ್ ಬಗ್ಗೆ ನಿಮಗೇನು ಗೊತ್ತು?" ಎಂದಳು. ಪ್ರಶ್ನೆ ಸರಿಯಾಗಿಯೇ ಇತ್ತು.

ಬಳೇಪೇಟೆಯ ಶನಿವಾರದ ಪಾಠ

ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಬೇಕು. ಬೆಂಗಳೂರಿನಲ್ಲಿ ವಾದ್ಯಗಳ ವಿಚಾರ ಕೇಳಬೇಕಾದರೆ ಬಳೇಪೇಟೆಗೆ ಹೋಗಬೇಕು. ವೀಣೆ, ಮೃದಂಗ, ತಬಲ, ಹಾರ್ಮೋನಿಯಂಗಳ ಅಂಗಡಿಗಳು ಸಾಲುಗಟ್ಟಿ ಇರುವ ಬೀದಿ ಅದು. ಸಂತೆಯ ಹಿಂದಿನ ದಿನ ಅಲ್ಲಿ ಒಬ್ಬ ವಾದ್ಯ ರಿಪೇರಿಯವರನ್ನು ಹಿಡಿದೆವು. ತೊಡೆಯ ಮೇಲೆ ಒಂದು ಗಿಟಾರನ್ನು ಮಗುವಿನಂತೆ ಮಲಗಿಸಿಕೊಂಡು ಅದರ ಹೊಟ್ಟೆಯೊಳಗಿನ ವೈರು ಬೆಸೆಯುತ್ತಿದ್ದರು.

"ಸಾರ್, ಎಲ್ಲರೂ ಮೊದಲು ತಲೆ ಮೇಲಿನ ಹೆಸರು ನೋಡ್ತಾರೆ. ನೀವು ಅದನ್ನ ಕೊನೆಗೆ ನೋಡಿ" ಎಂದರು. ಹೆಸರು ಎಂದರೆ ಬರೀ ಒಂದು ತೆಳುವಾದ ಚಿತ್ರ, ಯಾರು ಬೇಕಾದರೂ ಅಂಟಿಸಬಹುದು. ನಮ್ಮ ದೇಶದಲ್ಲೇ ಕೋಲ್ಕತ್ತದಲ್ಲಿ ಗಿವ್ಸನ್ ಎಂಬ ಗಿಟಾರ್ ತಯಾರಾಗುತ್ತದೆ. ಅದು ಒಂದು ಕಂಪನಿ. ಅಮೆರಿಕದ ಗಿಬ್ಸನ್ ಬೇರೆಯೇ ಕಂಪನಿ. ಒಂದಕ್ಷರ ನೋಡದೆ ಓದಿದವನು ಒಂದರ ಬೆಲೆಯನ್ನು ಇನ್ನೊಂದಕ್ಕೆ ಕೊಟ್ಟು ಬರುತ್ತಾನೆ. ಇನ್ನು ಸ್ಕ್ವಯರ್ ಎಂಬ ಹೆಸರಿದೆ. ಮೊದಲು ಅದು ಅಮೆರಿಕದಲ್ಲಿ ತಂತಿ ಮಾಡುವ ಕಂಪನಿ. 1965ರಲ್ಲಿ ಫೆಂಡರ್ ಕಂಪನಿ ಅದನ್ನು ಕೊಂಡಿತು. 1982ರಿಂದ ಆ ಹೆಸರಿನಲ್ಲಿ ಕಡಿಮೆ ಬೆಲೆಯ ಗಿಟಾರ್ ಬರತೊಡಗಿತು. ಮೊದಲು ಜಪಾನಿನಲ್ಲಿ, ಆಮೇಲೆ ಕೊರಿಯಾ, ಚೀನಾ, ಇಂಡೋನೇಷ್ಯಾಗಳಲ್ಲಿ ತಯಾರಾಯಿತು. ಒಂದೇ ಕಾರ್ಖಾನೆಯಿಂದ ಹಲವು ಹೆಸರಿನ ಗಿಟಾರ್‌ಗಳು ಹೊರಬರುವುದೂ ಉಂಟು. ಆದ್ದರಿಂದ ತಲೆಯ ಹಿಂಭಾಗ ನೋಡಬೇಕು, ಅಥವಾ ಕತ್ತು ಮೈಗೆ ಸೇರುವ ಕಡೆಯ ಲೋಹದ ಪಟ್ಟಿ ನೋಡಬೇಕು. ಅಲ್ಲಿ ತಯಾರಾದ ದೇಶ ಮತ್ತು ಕ್ರಮಸಂಖ್ಯೆ ಇರುತ್ತದೆ. ಎಷ್ಟೋ ಸಲ ಆ ಸಂಖ್ಯೆಯಲ್ಲೇ ವರ್ಷ ಅಡಗಿರುತ್ತದೆ.

"ಹೆಸರು ಬಿಟ್ಟರೆ ಇನ್ನೇನು ನೋಡ್ಬೇಕು ಅಂಕಲ್?" ಎಂದಳು ಧಾತ್ರಿ, ಪುಸ್ತಕ ತೆಗೆದು.

"ಕತ್ತು ಮಗಾ. ಕತ್ತು ಕೆಟ್ಟರೆ ಗಿಟಾರ್ ಕೆಟ್ಟ ಹಾಗೆ. ಬೇರೆ ಎಲ್ಲಾ ಸರಿ ಮಾಡಬಹುದು."

ಅವರು ತೋರಿಸಿದ್ದನ್ನು ಅವಳು ಹೀಗೆ ಬರೆದುಕೊಂಡಳು.

ಒಂದು: ಬಡಗಿ ಹಲಗೆಯ ನೇರ ನೋಡುವಂತೆ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಬೇಕು. ಕೊಂಚ ಒಳಬಾಗಿದ್ದರೆ ಭಯವಿಲ್ಲ. ಕತ್ತಿನ ಒಳಗೆ ಒಂದು ಉಕ್ಕಿನ ಸರಳಿದೆ, ಅದನ್ನು ತಿರುಗಿಸಿ ನೇರ ಮಾಡಬಹುದು. ಆದರೆ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿದ್ದರೆ ಕೈಮುಗಿದು ಇಟ್ಟು ಬರಬೇಕು.

ಎರಡು: ತಂತಿಯನ್ನು ಮೊದಲ ಮೆಟ್ಟಿನಲ್ಲೂ ಕೊನೆಯ ಮೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದು ನಡುವೆ ನೋಡಬೇಕು. ಅಲ್ಲಿ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಇದ್ದರೆ ಒಳ್ಳೆಯದು.

ಮೂರು: ಮೆಟ್ಟುಗಳು. ವೀಣೆಯ ಮೆಟ್ಟುಗಳು ಮೇಣದ ಮೇಲೆ ಕೂತಿರುತ್ತವೆ, ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಗಿಟಾರಿನ ಮೆಟ್ಟುಗಳನ್ನು ಮರದ ಗಾಡಿಗೆ ಬಡಿದು ಕೂರಿಸಿರುತ್ತಾರೆ. ತಂತಿ ಉಜ್ಜಿ ಉಜ್ಜಿ ಅವುಗಳಲ್ಲಿ ಆಳವಾದ ಗುಳಿ ಬಿದ್ದಿದ್ದರೆ ಎಲ್ಲವನ್ನೂ ಬದಲಿಸುವ ಖರ್ಚು ಅಗ್ಗದ ಗಿಟಾರಿನ ಬೆಲೆಯನ್ನೇ ಮೀರುತ್ತದೆ.

ನಾಲ್ಕು: ಕತ್ತಿನ ತುದಿಯ ಆಧಾರಪಟ್ಟಿಯಿಂದ ಹನ್ನೆರಡನೇ ಮೆಟ್ಟಿಗೆ ಟೇಪು ಹಿಡಿಯಬೇಕು. ಅಲ್ಲಿಂದ ಕುದುರೆಗೆ ಮತ್ತೆ ಹಿಡಿಯಬೇಕು. ಎರಡೂ ಹೆಚ್ಚು ಕಡಿಮೆ ಸಮ ಇರಬೇಕು. ಎರಡನೆಯದು ಒಂದೆರಡು ಮಿಲಿಮೀಟರ್ ಹೆಚ್ಚಿದ್ದರೆ ಅದೇ ಸರಿ. ಇಲ್ಲಿ ತುಂಬ ವ್ಯತ್ಯಾಸವಿದ್ದರೆ ಆ ಗಿಟಾರ್ ಜನ್ಮದಲ್ಲಿ ಶ್ರುತಿಗೆ ನಿಲ್ಲುವುದಿಲ್ಲ.

ಐದು: ಬಿರಡೆಗಳು ಬಿಗಿಯಾಗಿ, ಒಂದೇ ಸಮನೆ ತಿರುಗಬೇಕು.

ಆರು: ವಿದ್ಯುತ್ತಿನ ಭಾಗ. ಇಲ್ಲಿ ನನಗೇ ಆಶ್ಚರ್ಯ ಕಾದಿತ್ತು. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರನ್ನು ಪ್ಲಗ್ಗಿಗೆ ಚುಚ್ಚುವುದೇ ಇಲ್ಲ! ತಂತಿಗಳ ಕೆಳಗೆ 'ಪಿಕಪ್' ಎಂಬ ಅಯಸ್ಕಾಂತಗಳಿವೆ. ಅವುಗಳ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅದುರಿದಾಗ ಆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. "ನಮ್ಮ ವಿಜ್ಞಾನ ಪಾಠದಲ್ಲಿದೆ ತಾತ!" ಎಂದಳು. ಸಂತೆಯಲ್ಲಿ ತಂತಿ ಮೀಟಲೂ ಬೇಕಿಲ್ಲ, ಆಂಪ್ಲಿಫೈಯರಿಗೆ ಸೇರಿಸಿ ಸ್ಕ್ರೂಡ್ರೈವರಿನಿಂದ ಪಿಕಪ್ಪನ್ನು ಮೆಲ್ಲಗೆ ತಟ್ಟಿದರೆ ಸಾಕು. 'ಟಕ್' ಅಂದರೆ ಜೀವ ಇದೆ.

ಕೊನೆಯಲ್ಲಿ ಅವರು ತಮ್ಮ ಬ್ಯಾಟರಿಯ ಪುಟ್ಟ ಆಂಪ್ಲಿಫೈಯರನ್ನೇ ಕೈಗಿಟ್ಟರು. "ಸೋಮವಾರ ವಾಪಸ್ ಕೊಡಿ. ಇನ್ನೊಂದು ಮಾತು ಸಾರ್, ನಂಬರ್ ಇಲ್ಲದ ಅಗ್ಗದ ಗಿಟಾರ್ ಎಷ್ಟೋ ಇವೆ. ಆದರೆ ನಂಬರನ್ನ ಉಜ್ಜಿ ತೆಗೆದಿದ್ದರೆ ಮುಟ್ಟಬೇಡಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಧಾತ್ರಿ ಫೋನಿನಲ್ಲಿ ಏನೋ ಓದಿ ಜೋರಾಗಿ ನಕ್ಕಳು. ಲಿಯೋ ಫೆಂಡರ್ (1909–1991) ಎಂಬ ಅಮೆರಿಕದವರು 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಎಂಬ ಗಿಟಾರನ್ನು ಹೊರತಂದರು. ಇವತ್ತು ಜಗತ್ತಿನ ಅಗ್ಗದ ಗಿಟಾರ್‌ಗಳಲ್ಲಿ ಹೆಚ್ಚಿನವು ಅದರ ಆಕಾರವನ್ನೇ ನಕಲು ಮಾಡುತ್ತವೆ. ಆ ಮಹಾನುಭಾವರು ಓದಿದ್ದು ಲೆಕ್ಕಪತ್ರ, ಮಾಡಿದ ಕೆಲಸ ಲೆಕ್ಕ ಬರೆಯುವುದು, ಆಮೇಲೆ ರೇಡಿಯೋ ರಿಪೇರಿ. ಗಿಟಾರ್ ನುಡಿಸಲು ಕಡೆಯವರೆಗೂ ಕಲಿಯಲಿಲ್ಲವಂತೆ. "ಹಾಗಾದ್ರೆ ನಿಮ್ಮ ಬಿ.ಕಾಂ. ಕೂಡ ನಡೆಯುತ್ತೆ ತಾತ!" ಎಂದಳು.

ಸಂತೆಯ ಬೀದಿ

ವಾರವಿಡೀ ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ದೀಪ, ಫ್ಯಾನು, ವೈರುಗಳ ವ್ಯಾಪಾರ. ಕಾಲಿಡಲು ಜಾಗವಿರುವುದಿಲ್ಲ. ಭಾನುವಾರ ಆ ಅಂಗಡಿಗಳ ಷಟರ್ ಇಳಿದಿರುತ್ತದೆ. ಆಗ ಅವುಗಳ ಮುಂದಿನ ನೆಲದ ಮೇಲೆ ಇನ್ನೊಂದು ಊರೇ ಎದ್ದು ಕೂರುತ್ತದೆ. ಅದೇ ಸಂಡೇ ಬಜಾರ್.

ನಾವು ಮಾರ್ಕೆಟ್ ಬಸ್ಸಿಳಿದು ನಡೆದು ಹೋದಾಗ ಇನ್ನೂ ಮಬ್ಬುಗತ್ತಲೆ. ಕೆ.ಆರ್. ಮಾರುಕಟ್ಟೆಯ ಕಡೆಯಿಂದ ಸೇವಂತಿಗೆಯ ವಾಸನೆ ಬರುತ್ತಿತ್ತು. ಇತ್ತ ಟಾರ್ಪಾಲಿನ ಮೇಲೆ ಜನ ಮೊಬೈಲ್ ಬೆಳಕು ಹಿಡಿದು ಬಗ್ಗಿ ನೋಡುತ್ತಿದ್ದರು. ಒಂಟಿ ಕಾಲಿನ ಬೂಟು, ಹಿತ್ತಾಳೆಯ ನಲ್ಲಿ, ಮಿಕ್ಸಿಯ ಜಾರು, ಸ್ಪ್ಯಾನರು, ಕ್ಯಾಸೆಟ್ಟು, ಯಾರದೋ ಮದುವೆಯ ಫೋಟೋದ ಖಾಲಿ ಚೌಕಟ್ಟು. ಒಂದು ಕಡೆ ಹಳೆಯ ಗೋಡೆ ಗಡಿಯಾರಗಳು ಹತ್ತಾರು, ಪ್ರತಿಯೊಂದರಲ್ಲೂ ಬೇರೆ ಬೇರೆ ಗಂಟೆ. ಇದನ್ನು ಕಳ್ಳ ಸಂತೆ ಎಂದು ಹಗುರವಾಗಿ ಕರೆಯುವವರಿದ್ದಾರೆ. ನಾನು ಕಂಡಂತೆ ಅಲ್ಲಿ ಕೂತವರಲ್ಲಿ ಹೆಚ್ಚಿನವರು ಖಾಲಿ ಮಾಡುವ ಮನೆಗಳಿಂದ, ಗುಜರಿಗಳಿಂದ ಸಾಮಾನು ಕೊಂಡು ತಂದು ನಾಲ್ಕು ಕಾಸು ನೋಡುವ ಶ್ರಮಜೀವಿಗಳು. ಆದರೂ ಇಂಥ ಕಡೆ ಕೊಳ್ಳುವವನ ಕಣ್ಣು, ಮನಸ್ಸು ಎರಡೂ ತೆರೆದಿರಬೇಕು.

ಕೆಂಪು ಗಿಟಾರ್

ಅದು ದೂರದಿಂದಲೇ ಕಣ್ಣಿಗೆ ಬಿತ್ತು. ಹೊಚ್ಚ ಕೆಂಪು ಮೈ, ಬಿಳಿಯ ಹಲಗೆ, ತಲೆಯ ಮೇಲೆ ದೊಡ್ಡ ಹೆಸರು. ಧಾತ್ರಿ ಓಡಿಯೇ ಹೋದಳು. ಉಗುರಿನಲ್ಲಿ ಕೆರೆದಳು, ಹೆಸರು ಏಳಲಿಲ್ಲ. ಕತ್ತು ನೇರ. ಕಾರ್ಡು ಸರಿಯಾಗಿ ತೂರಿತು. ಟೇಪಿನ ಲೆಕ್ಕ ಸರಿ. ಆಂಪ್ಲಿಫೈಯರ್ ಚುಚ್ಚಿ ಮೀಟಿದರೆ ಸುತ್ತಲಿನ ನಾಲ್ಕು ಜನ ತಿರುಗಿ ನೋಡುವಂಥ ನಾದ.

"ಐದು ಸಾವಿರ. ಮಗು ಆಸೆ ಪಡ್ತಿದೆ, ಮೂರೂವರೆಗೆ ತಗೊಳ್ಳಿ" ಎಂದ ಮಾರುವವ. ಇಷ್ಟು ಬೇಗ ಸಾವಿರದೈನೂರು ಇಳಿದದ್ದು ನನಗೆ ಹಿಡಿಸಲಿಲ್ಲ. ಗಿಟಾರನ್ನು ತಿರುಗಿಸಿ ಮೊಬೈಲ್ ಬೆಳಕು ಹಿಡಿದೆ. ತಲೆಯ ಹಿಂದೆ, ಸಂಖ್ಯೆ ಇರಬೇಕಾದ ಕಡೆ ಎರಡು ಬೆರಳಗಲ ಮರವನ್ನು ಮರಳು ಕಾಗದದಿಂದ ತಿಕ್ಕಿ ಮೇಲೆ ವಾರ್ನಿಷ್ ಬಳಿದಿದ್ದರು.

"ಇದೇನಪ್ಪ ಇಲ್ಲಿ?"

"ಹಂಗೇ ಬಂತು ಸಾರ್. ನಂಬರ್ ಇಟ್ಕೊಂಡು ಏನ್ ಮಾಡ್ತೀರಾ? ಬಾರಿಸೋದಕ್ಕೆ ತಂತಿ ಸಾಕು."

ಗಿಟಾರನ್ನು ಕೆಳಗಿಟ್ಟೆ. ಧಾತ್ರಿ ನನ್ನ ಮುಖ ನೋಡಿದಳು. "ತಾತ, ನನ್ನ ಹತ್ರ ಅಷ್ಟು ದುಡ್ಡಿದೆ. ಎಲ್ಲಾ ಸರಿಯಾಗಿದೆ. ಪ್ಲೀಸ್."

"ಪುಟ್ಟಿ, ಚೆಕ್ಕಿನ ಮೇಲೆ ಅಂಕಿ ತಿದ್ದಿದ್ದರೆ ಅದು ಎಷ್ಟೇ ದೊಡ್ಡ ಮನುಷ್ಯರದಾಗಿರಲಿ, ನಾನು ಪಾಸು ಮಾಡಿದವನಲ್ಲ. ತಪ್ಪು ಮಾಡಿದ್ದಾರೆ ಅಂತ ಅಲ್ಲ. ಯಾಕೆ ತಿದ್ದಿದರು ಅಂತ ಗೊತ್ತಾಗೋವರೆಗೂ ಅದು ನಮ್ಮದಲ್ಲ. ನಿನ್ನ ಗಿಟಾರ್ ಕಳೆದು ಹೋಗಿ, ಇನ್ಯಾರೋ ಹೀಗೆ ಕೊಂಡುಕೊಂಡರೆ?"

ಅವಳು ಮಾತಾಡಲಿಲ್ಲ. ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಕಣ್ಣೊರೆಸಿಕೊಂಡದ್ದು ಹಿಂದಿನಿಂದ ಕಂಡಿತು. ಎರಡನೇ ಬಾರಿಗೆ ಒಂದು ಮಗುವಿಗೆ ಗಿಟಾರ್ ಇಲ್ಲ ಎನ್ನುತ್ತಿದ್ದೇನಲ್ಲ ಎಂದು ನನ್ನ ಗಂಟಲೂ ಕಟ್ಟಿತು. ಆದರೆ ತಿರುಗಿ ಹೋಗಲು ಕಾಲು ಬರಲಿಲ್ಲ.

ಕಂದು ಗಿಟಾರ್

ಎಂಟು ಗಂಟೆಯ ಹೊತ್ತಿಗೆ ಚಹಾ ಕುಡಿಯುತ್ತ ನಿಂತಾಗ ಅವಳೇ ತೋಳು ಹಿಡಿದೆಳೆದಳು. ಕುಕ್ಕರ್ ಮುಚ್ಚಳಗಳ ಹಿಂದೆ, ಗೋಡೆಗೆ ತಲೆಯಾನಿಸಿ ಒಂದು ಕಂದು ಗಿಟಾರ್ ನಿಂತಿತ್ತು. ಮೈ ತುಂಬ ಧೂಳು. ಆರು ತಂತಿಯಲ್ಲಿ ಒಂದಿಲ್ಲ, ಉಳಿದ ಐದಕ್ಕೆ ತುಕ್ಕು. ತಲೆಯ ಮೇಲೆ ಹೆಸರಿದ್ದ ಗುರುತು ಮಾತ್ರ. ಆದರೆ ಹಿಂದೆ ತಿರುಗಿಸಿದರೆ 'ಇಂಡೋನೇಷ್ಯಾದಲ್ಲಿ ತಯಾರಾದದ್ದು' ಎಂಬ ಇಂಗ್ಲಿಷ್ ಬರಹ, ಕೆಳಗೆ ಕ್ರಮಸಂಖ್ಯೆ, ಒಂದಂಕಿಯೂ ಅಳಿಯದೆ ಹಾಗೇ ಇತ್ತು.

ಮಾರುವ ಮಧ್ಯವಯಸ್ಕ ಮುಚ್ಚುಮರೆ ಮಾಡಲಿಲ್ಲ. "ಸೌಂಡ್ ಬರಲ್ಲ ಸಾರ್, ಈಗಲೇ ಹೇಳ್ತೀನಿ. ಎರಡೂವರೆ ಸಾವಿರ. ಮಡಿವಾಳದ ಒಂದು ಪಿ.ಜಿ.ಯಿಂದ ಬಂದಿದ್ದು. ಹುಡುಗ ಕೆಲಸ ಬಿಟ್ಟು ಊರಿಗೆ ಹೋಗುವಾಗ ಬೇಡ ಅಂತ ಕೊಟ್ಟು ಹೋದನಂತೆ. ಬೇಕಾದ್ರೆ ಪಿ.ಜಿ. ಯಜಮಾನರನ್ನೇ ಕೇಳಿ." ಕೇಳದೆಯೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಆ ಕಡೆಯ ನಿದ್ದೆಗಣ್ಣಿನ ದನಿ, "ಹೌದು ಸಾರ್, ಮಂಚ, ಬಕೆಟ್ ಜೊತೆ ಅದನ್ನೂ ನಾನೇ ಹಾಕಿದ್ದು" ಎಂದಿತು.

ಧಾತ್ರಿ ಕೆಲಸಕ್ಕೆ ಕೂತಳು. ಕತ್ತು ಕೊಂಚ ಒಳಬಾಗಿತ್ತು, ತಿರುಚಿರಲಿಲ್ಲ. ಟೇಪು ಹಿಡಿದಳು: ಆಧಾರಪಟ್ಟಿಯಿಂದ ಹನ್ನೆರಡನೇ ಮೆಟ್ಟಿಗೆ 12 ಮುಕ್ಕಾಲು ಇಂಚು, ಅಲ್ಲಿಂದ ಕುದುರೆಗೆ ಅದಕ್ಕಿಂತ ಕೂದಲೆಳೆ ಹೆಚ್ಚು. ಮೆಟ್ಟುಗಳಲ್ಲಿ ಗುಳಿಯಿಲ್ಲ, ಪಾಪ, ಆ ಹುಡುಗ ಹೆಚ್ಚು ನುಡಿಸಿಯೇ ಇರಲಿಲ್ಲ. ಆಮೇಲೆ ಐದು ತಂತಿ, 22 ಮೆಟ್ಟು, ಒಟ್ಟು 110 ಸ್ವರವನ್ನು ಒಂದೊಂದಾಗಿ ಮೀಟಿದಳು. ನಾನು ನೋಟಿನ ಕಟ್ಟು ಎಣಿಸುವವನಂತೆ ಬೆರಳು ಮಡಿಸುತ್ತ ಹೋದೆ. ಮೂರು ಕಡೆ ಮಾತ್ರ ಸ್ವಲ್ಪ ಝರ್ ಎಂದಿತು.

ಉಳಿದದ್ದು ಶಬ್ದ. ಆಂಪ್ಲಿಫೈಯರ್ ಚುಚ್ಚಿ ಸ್ಕ್ರೂಡ್ರೈವರಿನಿಂದ ತಟ್ಟಿದಳು. ಏನೂ ಇಲ್ಲ. ಮತ್ತೆ ತಟ್ಟಿದಳು. ಇಲ್ಲ. ಅವಳ ಮುಖ ಇಳಿಯಿತು. ವೈರು ತೆಗೆಯಲೆಂದು ಜಾಕನ್ನು ಅಲುಗಿಸಿದಳು ನೋಡಿ, 'ಟಕ್' ಎಂದಿತು! ಜಾಕಿನ ತಿರುಪು ಸಡಿಲವಾಗಿ ಒಳಗಿನ ವೈರು ಬಿಟ್ಟುಕೊಂಡಿತ್ತು, ಅಷ್ಟೇ. ಬೆರಳಿನಿಂದ ಒತ್ತಿ ಹಿಡಿದು ಸ್ವಿಚ್ಚು ಬದಲಿಸುತ್ತ ತಟ್ಟಿದಳು. ಮೂರು ಪಿಕಪ್ಪುಗಳೂ ಒಂದೊಂದಾಗಿ ಉತ್ತರ ಕೊಟ್ಟವು. ಅವಳು ಬೆಳಿಗ್ಗೆಯಿಂದ ಮೊದಲ ಬಾರಿ ನಕ್ಕಳು.

ತಾತನ ಲೆಕ್ಕ, ಮೊಮ್ಮಗಳ ಲೆಕ್ಕ

ಚಹಾ ಅಂಗಡಿಯ ಕಟ್ಟೆಯ ಮೇಲೆ ಕೂತು ಅವಳ ಪುಸ್ತಕದಲ್ಲಿ ಲೆಕ್ಕ ಬರೆದೆವು. ಇಂಥ ಗಿಟಾರ್ ಸುಸ್ಥಿತಿಯಲ್ಲಿದ್ದರೆ ಸುಮಾರು ನಾಲ್ಕು ಸಾವಿರ ಬಾಳುತ್ತದೆ ಎಂದು ಬಳೇಪೇಟೆಯವರು ಹೇಳಿದ್ದರು. ಹೊಸ ತಂತಿ ರೂ. 450, ಜಾಕು ಮತ್ತು ಬೆಸುಗೆ ರೂ. 150, ಕತ್ತು ಸರಿಮಾಡಿ ಮೆಟ್ಟು ಉಜ್ಜಲು ರೂ. 400. ಒಟ್ಟು ಸಾವಿರ. ಹಾಗಾದರೆ ಇದ್ದ ಸ್ಥಿತಿಯಲ್ಲಿ ಇದರ ಬೆಲೆ ಮೂರು ಸಾವಿರ.

ಎದ್ದು ಹೋಗಿ, "ಸಾವಿರ ಕೊಡ್ತೀನಪ್ಪ, ಸೌಂಡೇ ಬರದ ಗಿಟಾರಿಗೆ ಅಷ್ಟೇ ಹೆಚ್ಚು" ಎಂದೆ. ನಲವತ್ತು ವರ್ಷ ಸಂಬಳದಲ್ಲಿ ಸಂಸಾರ ಮಾಡಿದ ನಾಲಿಗೆ ಅದು, ಚೌಕಾಸಿ ತಾನಾಗಿ ಬಂತು.

ಧಾತ್ರಿ ನನ್ನ ಅಂಗಿ ಜಗ್ಗಿ ಪಕ್ಕಕ್ಕೆ ಕರೆದಳು. "ತಾತ, ಸೌಂಡ್ ಬರುತ್ತೆ ಅಂತ ನಮಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಮೂರು ಸಾವಿರ ಅಂತ ನಾವೇ ಬರೆದ್ವಲ್ಲ? ಆ ಕೆಂಪು ಗಿಟಾರ್ ಬೇಡ ಅಂದ್ರಿ. ಇದು ಮಾತ್ರ ಸರಿಯಾ?"

ನನ್ನಲ್ಲಿ ಉತ್ತರವಿರಲಿಲ್ಲ. ಮೋಸ ಹೋಗಬಾರದೆಂದು ಎರಡು ದಿನ ಪಾಠ ಹೇಳಿಸಿದ್ದೆ. ಮೋಸ ಮಾಡಬಾರದು ಎಂಬ ಅರ್ಧ ಪಾಠವನ್ನು ಅವಳು ತಾನಾಗಿ ಓದಿಕೊಂಡಿದ್ದಳು.

ಮಾರುವವನಿಗೆ ಜಾಕಿನ ವಿಷಯ ಹೇಳಿದೆವು. ಅವನು ಬೆಲೆ ಏರಿಸಬಹುದೆಂಬ ಅಳುಕು ನನಗಿತ್ತು. ಅವನು ಜಾಕು ಒತ್ತಿ ನೋಡಿ ನಕ್ಕ. "ನಾಲ್ಕು ವಾರದಿಂದ ಹೊತ್ತು ತರ್ತಿದ್ದೀನಿ ಸಾರ್, ಒಬ್ಬರೂ ಹೇಳಲಿಲ್ಲ. ನೀವು ಸುಮ್ನೆ ತಗೊಂಡು ಹೋಗಬಹುದಿತ್ತು. ಎರಡು ಸಾವಿರದ ಇನ್ನೂರು ಕೊಡಿ. ಮಗು ಚೆನ್ನಾಗಿ ಕಲೀಲಿ."

ದುಡ್ಡು ಕೊಟ್ಟು ರಸೀದಿ ಕೇಳಿದೆ. ಪಕ್ಕದವರೆಲ್ಲ ನಕ್ಕರು. ಆದರೂ ಆತ ಒಂದು ರಟ್ಟಿನ ಚೂರಿನ ಮೇಲೆ ಗಿಟಾರಿನ ಕ್ರಮಸಂಖ್ಯೆ, ಮೊತ್ತ, ದಿನಾಂಕ ಬರೆದು ಸಹಿ ಹಾಕಿಕೊಟ್ಟ. ಹಳೆಯ ವಸ್ತು ಕೊಳ್ಳುವ ಎಲ್ಲರಿಗೂ ಇದೊಂದು ನನ್ನ ಮನವಿ: ಅಂಥ ಒಂದು ಚೂರು ಕೇಳಿ ಪಡೆಯಿರಿ.

ಮನೆಗೆ ಬಂದ ಮೇಲೆ

ಸೋಮವಾರ ಬಳೇಪೇಟೆಯಲ್ಲಿ ರಿಪೇರಿಯಾಯಿತು. ನಮ್ಮ ಅಂದಾಜಿನ ಸಾವಿರವೇ ಆಯಿತು. ಉಳಿದ ರೂ. 400ರಲ್ಲಿ ಒಂದು ಕೇಬಲ್ ಬಂತು. ಆಂಪ್ಲಿಫೈಯರಿಗೆ ಮುಂದಿನ ದೀಪಾವಳಿ ಬರಬೇಕು. ಅಲ್ಲಿಯವರೆಗೆ ಅದಿಲ್ಲದೆಯೂ ಅಭ್ಯಾಸ ಮಾಡಬಹುದು. ಸಣ್ಣಗೆ, ಪಿಸುಗುಟ್ಟಿದಂತೆ ಕೇಳುತ್ತದೆ. ಮನೆಯಲ್ಲಿ ಮುದುಕರಿದ್ದರೆ ಇದಕ್ಕಿಂತ ಅನುಕೂಲವಾದ ವಾದ್ಯವಿಲ್ಲ.

ರಿಪೇರಿಯವರು ಕತ್ತಿನ ಮೇಲಿನ ಕೊಳೆ ಒರೆಸಿ ಎರಡು ಹನಿ ಎಣ್ಣೆ ಸವರಿದಾಗ ನೇರಳೆ ಮಿಶ್ರಿತ ಕಂದು ಬಣ್ಣದ ಮರ ಕಣ್ಣು ಬಿಟ್ಟಿತು. "ಬೀಟೆ ಸಾರ್" ಎಂದರು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ, ಮೈಸೂರಿನ ಕೆತ್ತನೆ ಕೆಲಸದ ಬೀಟೆ! ಬ್ರೆಜಿಲ್ ದೇಶದ ಇದರ ಸೋದರ ಮರ ಅಳಿವಿನಂಚಿಗೆ ಬಂದು 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿದ್ದಿತು. ಗಿಟಾರ್ ಮಾಡುವವರು ಅದಕ್ಕೂ ಮೊದಲೇ ಭಾರತದ ಬೀಟೆಯ ಕಡೆ ತಿರುಗಿದ್ದರು. ನಾನು ಮಲೆನಾಡಿನ ಶಾಖೆಯಲ್ಲಿದ್ದಾಗ ಮನೆ ಮನೆಯಲ್ಲಿ ನೋಡಿದ್ದ ಮರ, ಇಂಡೋನೇಷ್ಯಾ ಕಂಡು, ಮಡಿವಾಳ ಕಂಡು, ಕುಕ್ಕರ್ ಮುಚ್ಚಳದ ಹಿಂದೆ ನನ್ನ ಮೊಮ್ಮಗಳಿಗಾಗಿ ಕಾದು ನಿಂತಿತ್ತು.

ಅಂದು ರಾತ್ರಿ ಊಟವಾದ ಮೇಲೆ ಧಾತ್ರಿ ಗಿಟಾರನ್ನು ಸೋಫಾದ ಮೇಲೆ ಬಿಟ್ಟು ಹೋಂವರ್ಕಿಗೆ ಹೋದಳು. ಅವರಪ್ಪ ಅದನ್ನು ತೊಡೆಗೆ ಎಳೆದುಕೊಂಡ. ಒಂದು ಬಿರಡೆ ತಿರುಗಿಸಿದ, ಒಂದು ತಂತಿ ಮೀಟಿದ.

"ಎಷ್ಟು ಕೊಟ್ರಿ ಅಪ್ಪಾ?"

ಜೇಬಿನಿಂದ ರಟ್ಟಿನ ಚೂರು ತೆಗೆದು ಕೊಟ್ಟೆ. ಓದಿ ನಕ್ಕ. ಹಿಂತಿರುಗಿಸುವಾಗ ನನ್ನ ಕೈಯನ್ನು ಒಂದು ಕ್ಷಣ ಹಾಗೇ ಹಿಡಿದುಕೊಂಡ. ಆಮೇಲೆ ಮಗಳನ್ನು ಕೂಗಿದ: "ಪುಟ್ಟಿ, ಓದಿ ಮುಗಿದ ಮೇಲೆ ನನಗೂ ಸ್ವಲ್ಪ ಹೇಳಿಕೊಡೇ."